ಆಯಿಲ್ ಲೀಕ್‌ಗೆ ಗೇರ್‌ಬಾಕ್ಸ್ ಇಳಿಸೋಣ ಅಂದರೆ ತಕ್ಷಣ ಹ್ಞೂಂ ಅನ್ನಬೇಡಿ

ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ, ಅದರಲ್ಲೂ ವಾರಂಟಿ ಮುಗಿದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಈ ಬರಹ. ಎಂಜಿನ್ ಆಯಿಲ್ ಸೋರುತ್ತಿದೆ, ರಿಪೇರಿ ಮಾಡಿಸಿದ ಮೇಲೂ ಮತ್ತೆ ಸೋರುತ್ತಿದೆ ಅಂದರೆ ಇನ್ನೊಂದು ಸೀಲ್‌ಗೆ ದುಡ್ಡು ಕೊಡುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಗ್ಯಾಸನ್ನು ಹೊರಗೆಳೆಯುವ ವಾಲ್ವ್) ಚೆಕ್ ಮಾಡಿಸಿ. ನನ್ನ ಕಾರಿನಲ್ಲಿ ಅದೊಂದನ್ನು ಬಿಟ್ಟು ಉಳಿದಿದ್ದೆಲ್ಲ ಬದಲಾಯಿತು.

ಕಾರು 2 ಲೀಟರ್ ಟರ್ಬೊ ಸೆಡಾನ್. 200 ಹಾರ್ಸ್‌ಪವರ್‌ಗಿಂತ ಜಾಸ್ತಿ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಕಂಪನಿ ಹೆಸರು ಬೇಡ, ಇದು ಒಂದೇ ಕಂಪನಿಯ ತೊಂದರೆ ಅಲ್ಲ. ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗಿ ಬಂದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಸುಟ್ಟ ಎಣ್ಣೆ ವಾಸನೆ ಶುರುವಾಯಿತು. ಪಾರ್ಕಿಂಗ್‌ನಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಇಂಥ ಕಾರುಗಳ ಎಂಜಿನ್ ಕೆಳಗೆ ದೊಡ್ಡ ಪ್ಲಾಸ್ಟಿಕ್ ಕವರ್ ಇರುತ್ತದೆ. ಸೋರಿದ್ದೆಲ್ಲ ಅದರೊಳಗೇ ನಿಲ್ಲುತ್ತದೆ. ನೆಲ ಒಣಗಿದೆ ಅಂತ ನಿಶ್ಚಿಂತೆಯಾಗಿ ಇರಬೇಡಿ. ಕಾದ ಟರ್ಬೊ ಅಥವಾ ಎಕ್ಸಾಸ್ಟ್ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು. ವಾಸನೆ ಬಂದ ದಿನವೇ ಕವರ್ ಬಿಚ್ಚಿಸಿ ನೋಡಿ.

ಬೆಂಗಳೂರಿನ ಒಂದು ಗ್ಯಾರೇಜ್, ಹೊರಗೆ ಸ್ಪೆಷಲಿಸ್ಟ್ ಅಂತ ಬೋರ್ಡ್. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ, "ಸರ್, ವಾಲ್ವ್ ಕವರ್ ಗ್ಯಾಸ್ಕೆಟ್ ಹೋಗಿದೆ, ಕಾಮನ್ ಪ್ರಾಬ್ಲಮ್" ಅಂದರು. ಬದಲಾಯಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ವಾಸನೆ. ಈಗ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಲೀಕ್ ಅಂದರು. ಅದನ್ನೂ ಬಿಚ್ಚಿ ಸೀಲಂಟ್ ಹಾಕಿದರು. ಮತ್ತೆ ಸೋರಿತು. ಆಗ ಬಂತು ದೊಡ್ಡ ಮಾತು: "ರಿಯರ್ ಮೇನ್ ಸೀಲ್ ಸರ್. ಗೇರ್‌ಬಾಕ್ಸ್ ಇಳಿಸಲೇಬೇಕು." ಸೀಲ್ ಬೆಲೆ ಏನೂ ಅಲ್ಲ, ಬಿಲ್‌ನಲ್ಲಿ ಬಹುಪಾಲು ಲೇಬರ್. ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎಂಜಿನ್‌ನಿಂದ ಗೇರ್‌ಬಾಕ್ಸ್ ಕಡೆಗೆ ಹೊರಬರುವ ಜಾಗದಲ್ಲಿ ಈ ಸೀಲ್ ಕೂತಿರುತ್ತದೆ, ಹಾಗಾಗಿ ಗೇರ್‌ಬಾಕ್ಸ್ ಇಳಿಸದೆ ಕೈ ಹೋಗುವುದಿಲ್ಲ. ಆ ಮಾತು ಸುಳ್ಳಲ್ಲ. ಹೊಸ ಸೀಲ್ ಬಂತು. ಅದೂ ಸೋರಿತು!

ಇಷ್ಟರಲ್ಲಿ ಒಮ್ಮೆಯೂ ಅವರು ಎಂಜಿನ್ ತೊಳೆಯಲಿಲ್ಲ. ಆಯಿಲ್ ಮೇಲಿಂದ ಕೆಳಗಿಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹೀಗಾಗಿ ಎಲ್ಲಿಂದ ಸೋರಿದರೂ ಎಂಜಿನ್ನಿನ ಕೆಳಗೆ, ಹಿಂಬದಿಯಲ್ಲಿ ಇರುವ ಭಾಗವೇ ಒದ್ದೆಯಾಗಿ ಕಾಣುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಸೋರಿದರೂ ಸಂಪ್ ಮೇಲೆ ಅಪವಾದ ಬರುವುದು ಹೀಗೇ.

ಈಗ ಪಿಸಿವಿ ವಿಷಯ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್ನಿನ ಕೆಳಭಾಗದ ಕೋಣೆಗೆ) ಇಳಿಯುತ್ತದೆ, ಹೊಸ ಎಂಜಿನ್‌ನಲ್ಲೂ. ಅದನ್ನು ಎಳೆದು ಮತ್ತೆ ಇನ್‌ಟೇಕ್‌ಗೆ, ಅಂದರೆ ಎಂಜಿನ್ ಒಳಗೆ ಗಾಳಿ ಹೋಗುವ ದಾರಿಗೆ ಕಳಿಸುವುದು ಪಿಸಿವಿ ಕೆಲಸ. ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪ್) ಗಾಳಿ ಎಳೆಯುತ್ತಿರುತ್ತದೆ, ಗ್ಯಾಸ್ ಅಲ್ಲಿಗೆ ಹೋಗುತ್ತದೆ. ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿ) ಬಂದಾಗ ಅದೇ ಮ್ಯಾನಿಫೋಲ್ಡ್‌ನಲ್ಲಿ ಪ್ರೆಶರ್ ಇರುತ್ತದೆ. ಆಗ ಒಂದು ಚೆಕ್ ವಾಲ್ವ್ ಆ ದಾರಿ ಮುಚ್ಚುತ್ತದೆ, ಗ್ಯಾಸ್ ಟರ್ಬೊ ಬಾಯಿಯ ಕಡೆ ಹೋಗುತ್ತದೆ. ಚೆಕ್ ವಾಲ್ವ್ ಕೆಟ್ಟರೆ ಬೂಸ್ಟ್ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ, ಆಯಿಲ್ ಅನ್ನು ಸೀಲ್‌ಗಳಿಂದ ಹೊರಗೆ ತಳ್ಳುತ್ತದೆ. ಕುಕ್ಕರ್ ವೆಯ್ಟ್ ಕಟ್ಟಿಕೊಂಡಿರುವಾಗ ಬರೀ ಗ್ಯಾಸ್ಕೆಟ್ ಬದಲಾಯಿಸಿದರೆ ಏನು ಉಪಯೋಗ?

ನನ್ನ ಕಾರಿನದು ಉಲ್ಟಾ ಕೇಸ್. ಪಿಸಿವಿ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿತ್ತು. ಅದು ಸರಿ ಇದ್ದರೆ ಮ್ಯಾನಿಫೋಲ್ಡ್ ಎಳೆತಕ್ಕೆ ಮಿತಿ ಹಾಕುತ್ತದೆ. ಹರಿದರೆ ಐಡಲ್‌ನಲ್ಲಿ ಆ ಎಳೆತ ಪೂರ್ತಿ ಕ್ರ್ಯಾಂಕ್‌ಕೇಸ್ ಮೇಲೆ ಬೀಳುತ್ತದೆ. ರಿಯರ್ ಸೀಲ್‌ನ ತುಟಿ ಒಳಕ್ಕೆ ಎಳೆದುಕೊಂಡು, ಹೊರಗಿನ ಗಾಳಿ ಅದರ ಸಂದಿಯಲ್ಲಿ ನುಗ್ಗಿ ಶಿಳ್ಳೆ ಹೊಡೆದಂತೆ ಸದ್ದು ಬರುತ್ತದೆ. ಸೀಲ್ ಸವೆಯುತ್ತದೆ, ಆಮೇಲೆ ಸೋರುತ್ತದೆ. ಹೊಸ ಸೀಲ್ ಹಾಕಿದರೂ ಅದಕ್ಕೂ ಅದೇ ಗತಿ. ಆ ಶಿಳ್ಳೆ ಸದ್ದಿನ ಬಗ್ಗೆ ಗ್ಯಾರೇಜಿನಲ್ಲಿ ಮೊದಲ ದಿನವೇ ಹೇಳಿದ್ದೆ. "ಟರ್ಬೊ ಸೌಂಡ್ ಸರ್, ಹಂಗೇ ಇರುತ್ತೆ" ಅಂದಿದ್ದರು. ಟರ್ಬೊ ಸೌಂಡ್ ಐಡಲ್‌ನಲ್ಲಿ ಯಾಕೆ ಬರುತ್ತದೆ ಅಂತ ಯಾರೂ ಯೋಚಿಸಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಗೆಳೆಯ ಹೇಳಿದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಲಿಫ್ಟ್‌ಗೂ ಹಾಕಲಿಲ್ಲ. ಎಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರು. ಅಂಟಿಕೊಂಡಂತೆ ಬಿಗಿಯಾಗಿತ್ತು, ಎತ್ತಲು ಬಲ ಬೇಕಾಯಿತು. ತೆರೆದ ಕೂಡಲೇ ಶಿಳ್ಳೆ ನಿಂತಿತು. "ಕೇಳಿದ್ರಾ?" ಅಂದರು, ಅಷ್ಟೇ. ಸ್ಕ್ಯಾನರ್ ಹಾಕಿದಾಗ ಪಿ0171 ಕೋಡ್ ಬಂತು. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದ್ದರೆ ಬರುವ ಕೋಡ್‌ಗಳಲ್ಲಿ ಇದೂ ಒಂದು. ಆಮೇಲೆ ಡಿಪ್‌ಸ್ಟಿಕ್ ಪೈಪ್‌ಗೆ ಗೇಜ್ ಸಿಕ್ಕಿಸಿ ಅಳೆದು ಖಚಿತ ಮಾಡಿದರು. ಮುಚ್ಚಳದ ಪರೀಕ್ಷೆಯನ್ನು ನೀವೂ ಮಾಡಬಹುದು, ಆದರೆ ಬಿಸಿ ಆಯಿಲ್ ಸಿಡಿಯುತ್ತದೆ, ಮುಖ ದೂರ ಇರಲಿ. ಸಣ್ಣ ಎಳೆತ ಎಷ್ಟೋ ಕಾರುಗಳಲ್ಲಿ ಸಹಜ. ಎಳೆತದ ಬದಲು ಗಾಳಿ ಹೊರಗೆ ಉಗುಳಿ ಮುಚ್ಚಳ ಕುಣಿಯುತ್ತಿದ್ದರೆ ಒಳಗೆ ಪ್ರೆಶರ್ ತುಂಬುತ್ತಿದೆ ಅಂತ. ಆಗ ಪಿಸಿವಿ ಕಟ್ಟಿಕೊಂಡಿರಬಹುದು, ಇಲ್ಲವೇ ರಿಂಗ್‌ಗಳು ಸವೆದಿರಬಹುದು.

ಪಿಸಿವಿ ನನ್ನ ಎಂಜಿನ್‌ನಲ್ಲಿ ಮೇಲ್ಗಡೆಯೇ ಇದೆ, ಕೆಲವೇ ಬೋಲ್ಟ್. ಆದರೆ ಹಾಳಾದ ಸೀಲ್‌ಗಾಗಿ ಗೇರ್‌ಬಾಕ್ಸ್ ಮತ್ತೆ ಇಳಿಯಿತು. ಆಗ ಇನ್ನೊಂದು ಸಂಗತಿ ಗೊತ್ತಾಯಿತು. ನನ್ನ ಕಾರಿನದು ಪಿಟಿಎಫ್‌ಇ (ಟೆಫ್ಲಾನ್) ಸೀಲ್. ಇದನ್ನು ಒಣಗಿದ್ದಂತೆಯೇ ಕೂರಿಸಬೇಕು. ಹಳೇ ರಬ್ಬರ್ ಸೀಲ್‌ನ ಅಭ್ಯಾಸದಲ್ಲಿ ತುಟಿಗೆ ಆಯಿಲ್ ಸವರಿದರೆ ಅದು ಶಾಫ್ಟ್ ಮೇಲೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಮೊದಲ ಗ್ಯಾರೇಜಿನ ಹುಡುಗ ನನ್ನ ಕಣ್ಣೆದುರೇ ಧಾರಾಳವಾಗಿ ಸವರಿದ್ದ. ಸಂಪ್‌ನಲ್ಲಂತೂ ಸೀಲಂಟ್ ಒಳಗಡೆಗೂ ಉಬ್ಬಿ ಬಂದಿತ್ತು. ಆ ಚೂರುಗಳು ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಎಂಜಿನ್ನೇ ಹೋಗುತ್ತದೆ. ಲೀಕ್ ನಿಲ್ಲಿಸುವ ಬಾಟಲಿ ಔಷಧಿ ಹಾಕೋಣ ಅಂತಲೂ ಕೇಳಿದ್ದರು, ಬೇಡ ಅಂದಿದ್ದೆ. ಅದು ರಬ್ಬರ್ ಅನ್ನು ಉಬ್ಬಿಸುತ್ತದೆ, ಇಂಥ ಸೀಲ್‌ಗೆ ಏನೂ ಮಾಡುವುದಿಲ್ಲ.

ನಿಮಗೆ ಇದೇ ಪಾಡು ಬಂದರೆ ಮೊದಲು ಡೀಗ್ರೀಸರ್ ಹಾಕಿ ಎಂಜಿನ್ ಪೂರ್ತಿ ತೊಳೆಸಿ. ಆಮೇಲೆ ಆಯಿಲ್‌ಗೆ ಯುವಿ ಡೈ ಹಾಕಿಸಿ, ಸ್ವಲ್ಪ ದೂರ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಡಿಸಿ. ಸೋರಿದ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ. ಹೊಳೆಯುವ ಗುರುತುಗಳಲ್ಲಿ ಅತಿ ಮೇಲಿನದು ಎಲ್ಲಿದೆ ನೋಡಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ಇದು ಇನ್ನೂ ಮುಖ್ಯ. ಅಲ್ಲಿ ಗೇರ್‌ಬಾಕ್ಸ್ ಆಯಿಲ್ ಕೂಡ ಸೋರಬಹುದು. ಡೈ ಎಂಜಿನ್ ಆಯಿಲ್‌ಗೆ ಮಾತ್ರ ಹಾಕಿದ್ದರೆ ಯಾರದ್ದು ಅಂತ ಕೂಡಲೇ ಗೊತ್ತಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ಮ್ಯಾಕ್ಸ್ ಗೆರೆ ದಾಟಿದೆಯಾ ಅಂತಲೂ ನೋಡಿ. ಸರ್ವಿಸ್‌ನಲ್ಲಿ ಸುಮ್ನೆ ಜಾಸ್ತಿ ಸುರಿದಿರುತ್ತಾರೆ.

ಜಾಬ್ ಕಾರ್ಡ್‌ನಲ್ಲಿ "ಎಂಜಿನ್ ವರ್ಕ್" ಅಂತ ಬರೆದರೆ ಒಪ್ಪಬೇಡಿ. ಯಾವ ಸೀಲ್, ಯಾವ ಪರೀಕ್ಷೆ ಮಾಡಿ ಕಂಡುಹಿಡಿದರು, ಮತ್ತೆ ಸೋರಿದರೆ ಲೇಬರ್ ಯಾರದು, ಬರೆಸಿಕೊಳ್ಳಿ. ಹಳೇ ಪಾರ್ಟ್ಸ್ ಕೇಳಿ ಮನೆಗೆ ತನ್ನಿ. ನಾನು ಬಿಲ್, ಫೋಟೊ, ಸವೆದ ಸೀಲ್ ಎಲ್ಲ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ರಿಯರ್ ಸೀಲ್ ಕೆಲಸದ ಲೇಬರ್‌ನಲ್ಲಿ ಅರ್ಧ ವಾಪಸ್ ಕೊಡುತ್ತೇವೆ ಅಂತ ಗ್ಯಾರೇಜಿನವರು ಹೇಳಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.