ನಾಲ್ಕು ಪರಮಾಣುವಿಗೆ ಒಂದು ಮಣಿ: ಮಾರ್ಟಿನಿ ಜೊತೆ ಎಂಟು ವರ್ಷ

ಮಾರ್ಟಿನಿ ಅಂದ್ರೆ ಕಂಪ್ಯೂಟರ್‌ನಲ್ಲಿ ಅಣುಗಳ ಓಡಾಟವನ್ನು ಅನುಕರಿಸಲು ಬಳಸುವ ಒಂದು ಸರಳ ಮಾದರಿ. ಅದರಲ್ಲಿ ನಾನು ಮಾಡಿದ ಮೊದಲ ರನ್ ಈಗಲೂ ಕಣ್ಣ ಮುಂದಿದೆ. ಒಂದು ಪೆಟ್ಟಿಗೆಯಲ್ಲಿ 128 ಲಿಪಿಡ್ (ಕೊಬ್ಬಿನಂಥ) ಅಣುಗಳನ್ನು ಅಡ್ಡಾದಿಡ್ಡಿ ಚೆಲ್ಲಿ, ನೀರು ತುಂಬಿಸಿ, ಕಮಾಂಡ್ ಕೊಟ್ಟು ಊಟಕ್ಕೆ ಹೋದೆ. ವಾಪಸ್ ಬಂದು ಅಣುಗಳ ಚಿತ್ರ ತೋರಿಸುವ ವಿಎಂಡಿ ತಂತ್ರಾಂಶದಲ್ಲಿ ತೆರೆದು ನೋಡಿದರೆ ಅವು ತಾವಾಗಿಯೇ ಸಾಲುಗೂಡಿ ಎರಡು ಪದರದ ಪೊರೆಯಾಗಿದ್ದವು. ತಲೆಗಳು ನೀರಿನ ಕಡೆ, ಬಾಲಗಳು ಒಳಗೆ. ಹೀಗೆ ಸೇರಿ ಅಂತ ನಾನು ಎಲ್ಲೂ ಬರೆದಿರಲಿಲ್ಲ. ನಮ್ಮ ಪ್ರತಿ ಜೀವಕೋಶದ ಸುತ್ತ ಇರುವುದು ಇಂಥದ್ದೇ ಪೊರೆ ಅಲ್ವಾ? ಅವತ್ತಿನಿಂದ ಈ ಕೆಲಸ ಬಿಡಲು ಮನಸ್ಸಾಗಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಗ್ರೋಮ್ಯಾಕ್ಸ್ ಅಂದ್ರೆ ಅಣುಗಳ ಓಡಾಟದ ಲೆಕ್ಕ ಹಾಕುವ ಎಂಜಿನ್. ಮಾರ್ಟಿನಿ ಅಂದ್ರೆ ಯಾವ ಕಣ ಯಾವುದನ್ನು ಎಷ್ಟು ಸೆಳೆಯುತ್ತದೆ ಎಂದು ಹೇಳುವ ಫೋರ್ಸ್ ಫೀಲ್ಡ್. ಎರಡೂ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ. ಆ ಊರಿನ ಮಾರ್ಟಿನಿ ಗೋಪುರದ ಹೆಸರೇ ಇದಕ್ಕೂ ಬಂತು. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಇದರ ಮೂಲ ಉಪಾಯ ಸರಳ. ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳಲ್ಲಿ ಸುಮಾರು ನಾಲ್ಕನ್ನು ಕೂಡಿಸಿ ಒಂದು ಮಣಿ ಮಾಡುತ್ತಾರೆ. ಡಿಪಿಪಿಸಿ ಎಂಬ ಲಿಪಿಡ್‌ನಲ್ಲಿ 130 ಪರಮಾಣು ಇವೆ. ಮಾರ್ಟಿನಿಯ ಹಿಂದಿನ ಆವೃತ್ತಿಯಾದ ಮಾರ್ಟಿನಿ 2ರಲ್ಲಿ ಅದು ಬರೀ 12 ಮಣಿ. ನಾಲ್ಕು ನೀರಿನ ಅಣು ಸೇರಿದರೆ ಒಂದೇ ಮಣಿ. ಎಲ್ಲ ಪರಮಾಣು ಇಟ್ಟುಕೊಂಡರೆ ಒಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡ್ (ಸೆಕೆಂಡಿನ ಅತಿ ಚಿಕ್ಕ ತುಣುಕು) ಮಾತ್ರ ಮುಂದೆ ಹೋಗಬಹುದು. ಇಲ್ಲಿ 20 ಹೋಗಬಹುದು. ಕಣ ಕಡಿಮೆ, ಹೆಜ್ಜೆ ಉದ್ದ. ಹೀಗಾಗಿ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ನಲ್ಲೇ ನಾನು ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ ಪೊರೆಗಳನ್ನು ಓಡಿಸಿದ್ದೇನೆ. ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ. ಗ್ರೋಮ್ಯಾಕ್ಸ್ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆದಿಡುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಮಳೆಗಾಲದಲ್ಲಿ ಇದು ನನ್ನ ಎಷ್ಟೋ ರನ್‌ಗಳನ್ನು ಉಳಿಸಿದೆ.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಮಾರ್ಟಿನಿಯೊಳಗೆ ನಡೆಯುವುದು ಅದೇ. ಪರಮಾಣುಗಳ ಸಣ್ಣಪುಟ್ಟ ಉಬ್ಬುತಗ್ಗು ಅಳಿಸಿಹೋಗಿ ಶಕ್ತಿಯ ಗುಡ್ಡಗಾಡು ನಯವಾಗುತ್ತದೆ. ಕಣಗಳು ತಡೆಯಿಲ್ಲದೆ ಜಾರುತ್ತವೆ. ಹಾಗಾಗಿ ಪರದೆಯ ಮೇಲೆ ಕಾಣುವ ಸಮಯ ನಿಜವಾದ ಸಮಯವಲ್ಲ. ಮಾರ್ಟಿನಿ 2ರಲ್ಲಿ ಸುಮಾರು 4ರಿಂದ ಗುಣಿಸುವ ರೂಢಿ ಇದೆ. ಆ 4 ಬಂದಿದ್ದು ನೀರು ಮತ್ತು ಲಿಪಿಡ್ ಹರಡುವ ವೇಗದಿಂದ. ಎರಡು ಪ್ರೋಟೀನ್‌ಗಳು ಹುಡುಕಿಕೊಂಡು ಸೇರುವುದಕ್ಕೂ ಸುಮ್ನೆ ಅದನ್ನೇ ಹಚ್ಚಿದರೆ ತಪ್ಪಾಗುತ್ತದೆ. ಇದು ನನಗೆ ಮನದಟ್ಟಾಗಲು ಎರಡು ವರ್ಷ ಬೇಕಾಯಿತು.

ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ನೀರು. ಒಮ್ಮೆ 285 ಕೆಲ್ವಿನ್‌ನಲ್ಲಿ ಒಂದು ಪೊರೆ ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಪೊರೆ ಬಿಗಿಯಾಯಿತು. ಏನೋ ಹೊಸದು ಸಿಕ್ಕಿತು ಎಂದು ಎರಡು ವಾರ ಗ್ರಾಫ್ ಬರೆದೆ. ಕೊನೆಗೆ ನೀರಿನ ಮಣಿಗಳನ್ನೂ ತೋರಿಸಿ ನೋಡಿದಾಗ ಗೊತ್ತಾಯಿತು, ಅವು ಹರಳಿನಂತೆ ಸಾಲಾಗಿ ನಿಂತಿದ್ದವು. ಪೊರೆಯಲ್ಲ, ನೀರೇ ಹೆಪ್ಪುಗಟ್ಟಿತ್ತು! ಮಾರ್ಟಿನಿ 2ರ ನೀರು 290 ಕೆಲ್ವಿನ್ ಆಸುಪಾಸಿನಲ್ಲೇ ಹೀಗೆ ಗಟ್ಟಿಯಾಗಬಲ್ಲದು. ನಿಜವಾದ ನೀರು 273ರವರೆಗೂ ಕಾಯುತ್ತದೆ. ಇದಕ್ಕೆ ಮದ್ದು ಮೊದಲೇ ಇತ್ತು: ಹತ್ತರಲ್ಲಿ ಒಂದು ನೀರಿನ ಮಣಿಯನ್ನು ಸ್ವಲ್ಪ ದಪ್ಪನೆಯ ‘ಆಂಟಿಫ್ರೀಜ್’ ಮಣಿಗೆ ಬದಲಿಸುವುದು. ಕೈಪಿಡಿಯಲ್ಲಿ ಓದಿದ್ದೆ, ಆದರೆ ನನ್ನ ಪೆಟ್ಟಿಗೆಗೆ ಹಾಕಿರಲಿಲ್ಲ. ಈಗ ಏನೇ ಓಡಿಸಿದರೂ ಮೊದಲು ನೀರನ್ನು ನೋಡುತ್ತೇನೆ. 2021ರಲ್ಲಿ ಬಂದ ಮಾರ್ಟಿನಿ 3ರಲ್ಲಿ ಈ ಕಾಟ ತುಂಬಾ ಕಡಿಮೆ.

ಪ್ರೋಟೀನ್ ವಿಷಯದಲ್ಲಿ ನನ್ನ ನಂಬಿಕೆ ಅಷ್ಟು ಗಟ್ಟಿಯಿಲ್ಲ. ಮಾರ್ಟಿನಿ 2ರಲ್ಲಿ ಪ್ರೋಟೀನ್‌ಗಳು ಒಂದಕ್ಕೊಂದು ಅತಿಯಾಗಿ ಅಂಟುತ್ತಿದ್ದವು. ಒಮ್ಮೆ ಅಂಟಿದರೆ ಬಿಡುವುದೇ ಇಲ್ಲ. 3ರಲ್ಲಿ ಚೆನ್ನಾಗಿ ಸುಧಾರಿಸಿದೆ. ಮೂರು ಪರಮಾಣುವಿಗೆ ಒಂದು, ಎರಡಕ್ಕೆ ಒಂದು ಎಂಬ ಸಣ್ಣ ಮಣಿಗಳನ್ನೂ ಸರಿಯಾಗಿ ಹೊಂದಿಸಿರುವುದರಿಂದ ಉಂಗುರದಂಥ ಅಣುಗಳು ಈಗ ಹೆಚ್ಚು ಸಹಜವಾಗಿ ಕೂರುತ್ತವೆ. ಆದರೂ ನಿಶ್ಚಿತ ಆಕಾರವಿಲ್ಲದ ಪ್ರೋಟೀನ್‌ಗಳು ಪ್ರಯೋಗದಲ್ಲಿ ಕಾಣುವುದಕ್ಕಿಂತ ಜಾಸ್ತಿ ಮುದುಡಿಕೊಳ್ಳುತ್ತವೆ. ಮಡಚಿದ ಪ್ರೋಟೀನ್‌ನ ಆಕಾರ ಉಳಿಯಲು ಎಲಾಸ್ಟಿಕ್ ನೆಟ್‌ವರ್ಕ್ ಎಂಬ ಸ್ಪ್ರಿಂಗ್‌ಗಳ ಬಲೆ ಕಟ್ಟಬೇಕು. ಪ್ರೋಟೀನ್ ಸರಪಳಿಯ ಸುರುಳಿಯಾಕಾರದ ಭಾಗ ಹಾಳೆಯಾಗುವುದು, ಹಾಳೆಯಾಕಾರದ ಭಾಗ ಸುರುಳಿಯಾಗುವುದು ಇಲ್ಲಿ ಆಗುವ ಮಾತಲ್ಲ. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಬೇರೆ ಸಾಧನ ಹುಡುಕಿ.

ತುಂಬಾ ದೊಡ್ಡ ಪೊರೆ ಓಡಿಸುವವರಿಗೆ ಒಂದು ಕಿವಿಮಾತು. ಗ್ರೋಮ್ಯಾಕ್ಸ್ ಯಾವ ಕಣಕ್ಕೆ ಯಾವುದು ನೆರೆ ಎಂಬ ಪಟ್ಟಿಯನ್ನು ಆಗಾಗ ಮಾತ್ರ ಹೊಸದು ಮಾಡುತ್ತದೆ. ನೆರೆ ಎಂದು ಪಟ್ಟಿಗೆ ಸೇರಿಸುವ ದೂರ ಸಾಲದಿದ್ದರೆ ಪೊರೆ ವಿಚಿತ್ರವಾಗಿ ಸುಕ್ಕಾಗುತ್ತದೆ. ಇದನ್ನು 2023ರಲ್ಲಿ ಸಂಶೋಧಕರು ವಿವರವಾಗಿ ತೋರಿಸಿದ್ದಾರೆ. ಆ ದೂರವನ್ನು ಕೈಯಿಂದಲೇ ಹೆಚ್ಚಿಸಿಡಿ. ವೇಗ ಸ್ವಲ್ಪ ತಗ್ಗಿದರೂ ಪರವಾಗಿಲ್ಲ.

ನನಗೆ ತುಂಬಾ ಇಷ್ಟದ ಭಾಗ ಮಣಿಗಳಿಂದ ಮತ್ತೆ ಪರಮಾಣುಗಳಿಗೆ ಮರಳುವುದು. ಪೆಪ್ಟೈಡ್ (ಪ್ರೋಟೀನಿನಂಥದ್ದೇ ಪುಟ್ಟ ಸರಪಳಿ) ಪೊರೆಯೊಳಗೆ ಜಾಗ ಹುಡುಕಿಕೊಳ್ಳುವುದನ್ನು ಮಾರ್ಟಿನಿಯಲ್ಲಿ ನೋಡಿ, ಕೊನೆಯ ಚಿತ್ರವನ್ನು ‘ಬ್ಯಾಕ್‌ವರ್ಡ್’ ಎಂಬ ಸ್ಕ್ರಿಪ್ಟ್‌ಗೆ ಕೊಟ್ಟರೆ ಎಲ್ಲ ಪರಮಾಣುಗಳೂ ವಾಪಸ್ ಬರುತ್ತವೆ. ಆಮೇಲೆ ಹೈಡ್ರೋಜನ್ ಬಂಧಗಳನ್ನು ಒಂದೊಂದಾಗಿ ನೋಡಬಹುದು. 2013ರಲ್ಲಿ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದೂ ಇಂಥ ಬಹುಹಂತದ ಮಾದರಿಗಳಿಗೇ. ಲೆವಿಟ್ ಮತ್ತು ವಾರ್ಶೆಲ್ 1975ರಲ್ಲೇ ಒಂದು ಪುಟ್ಟ ಪ್ರೋಟೀನನ್ನು ಹೀಗೆ ಸರಳಗೊಳಿಸಿ ಮಡಚಲು ನೋಡಿದ್ದರು.

ಪರಮಾಣುಗಳು ವಾಪಸ್ ಬಂದ ಕೂಡಲೇ ನಾನು ತೆರೆಯುವುದು ರಾಮಚಂದ್ರನ್ ಪ್ಲಾಟ್. ಪ್ರೋಟೀನ್ ಬೆನ್ನೆಲುಬಿನ ತಿರುವುಗಳು ಸಾಧ್ಯವಾದ ಜಾಗದಲ್ಲೇ ಇವೆಯೇ ಎಂದು ಅದು ಹೇಳುತ್ತದೆ. ಜಿ. ಎನ್. ರಾಮಚಂದ್ರನ್ ಅದನ್ನು 1963ರಲ್ಲಿ ಮದ್ರಾಸಿನಲ್ಲಿ ಸಂಗಡಿಗರ ಜೊತೆ ಕೊಟ್ಟರು. ಆಮೇಲೆ ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಗ್ರೋನಿಂಗನ್‌ನ ಮಣಿಗಳನ್ನು ಅವರ ನಕ್ಷೆಯಲ್ಲಿ ಪರೀಕ್ಷಿಸುವಾಗ ಪ್ರತಿ ಸಲವೂ ನನಗೆ ಹೆಮ್ಮೆ ಅನಿಸುತ್ತದೆ.

ಶುರು ಮಾಡುವವರು ನೇರವಾಗಿ ಮಾರ್ಟಿನಿ 3ರಿಂದಲೇ ಶುರು ಮಾಡಿ. ಹಳೆಯ 2ರ ಲಿಪಿಡ್ ಫೈಲನ್ನು 3ರ ಪ್ರೋಟೀನ್ ಜೊತೆ ಬೆರೆಸಬೇಡಿ, ಎರಡರ ಲೆಕ್ಕವೇ ಬೇರೆ. ಮೊದಲ ಪಾಠಕ್ಕೆ ಆ 128 ಲಿಪಿಡ್‌ಗಳೇ ಸಾಕು.