ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್: ಪುಸ್ತಕಕ್ಕೆ ದುಡ್ಡು ಹಾಕಿ, ಚಂದಾ ಕಟ್ಟೋಕೆ ಮುಂಚೆ ಯೋಚಿಸಿ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟೋ ಆಟ ಇದು. ದಾವಣಗೆರೆಯಲ್ಲಿ ಇದನ್ನು ಆಡುವವರು ಇದ್ದಾರಾ ಅಂತ ಕೇಳುವವರಿಗೆ: ಇದ್ದೀವಿ. ವಿದ್ಯಾನಗರದ ಒಂದು ಮಹಡಿ ಮನೆಯಲ್ಲಿ, ಭಾನುವಾರ ಸಂಜೆ, ಕನ್ನಡದಲ್ಲೇ. ಕೊರೊನಾ ಕಾಲದಿಂದ 2014ರ ಐದನೇ ಆವೃತ್ತಿಯ ಪುಸ್ತಕಗಳನ್ನೇ ಬಳಸ್ತಾ ಬಂದಿದ್ದೀವಿ. ಕಥೆ ನಡೆಸೋ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು.

ಇಪ್ಪತ್ತು ಮುಖದ ದಾಳ ಎಸೆ, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸು, ಡಿಎಂ ಇಟ್ಟ ಅಂಕ ಮುಟ್ಟಿತಾ ನೋಡು. ಇಷ್ಟು ಗೊತ್ತಾದರೆ ಅರ್ಧ ಆಟ ಬಂದ ಹಾಗೆ. ನಮ್ಮ ಕಥೆ ನಡೆಯೋದು ಚಿತ್ರದುರ್ಗದಂಥದ್ದೇ ಏಳು ಸುತ್ತಿನ ಕೋಟೆಯಲ್ಲಿ. ಮೊನ್ನೆ ಕಳ್ಳನ ಪಾತ್ರದವನು ಬಂಡೆ ಸಂದಿನ ಕಿಂಡಿಗೆ ತಲೆ ತೂರಿಸಿ ದಾಳ ಎಸೆದ, ಒಂದು ಬಿತ್ತು. "ಒಳಗೆ ಒನಕೆ ಹಿಡ್ಕೊಂಡು ಯಾರಾದ್ರೂ ನಿಂತಿದಾರೇನಲೇ?" ಅಂದ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಪುಸ್ತಕಗಳು ಗಟ್ಟಿ. ಮಿರ್ಚಿ ಎಣ್ಣೆ, ಮಂಡಕ್ಕಿ ಚೂರು ಎಲ್ಲ ತಡಕೊಂಡಿವೆ, ಹೊಲಿಗೆ ಬಿಟ್ಟಿಲ್ಲ. ಆದರೆ ಆಟಗಾರರ ಕೈಪಿಡಿಯ ಹಿಂದಿನ ವಿಷಯಸೂಚಿ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿದೆ. ಒಂದು ಪದ ಹುಡುಕಿದರೆ ಇನ್ನೊಂದು ಪದ ನೋಡು ಅನ್ನುತ್ತೆ.

ಇನ್ನು ಮಾಲೀಕತ್ವದ ವಿಚಾರ. ಹೊಸಬರು ದುಡ್ಡು ಹಾಕೋಕೆ ಮುಂಚೆ ಇದನ್ನು ತಿಳಕೊಂಡಿರಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಮಾಡಿದ ಈ ಆಟವನ್ನು ಟಿಎಸ್‌ಆರ್ ಕಂಪನಿ ನಡೆಸುತ್ತಿತ್ತು. ಅದು ಸಾಲದಲ್ಲಿ ಮುಳುಗಿದಾಗ, 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 1999ರಲ್ಲಿ ವಿಜರ್ಡ್ಸನ್ನೇ ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೊ ಕೊಂಡಿತು. ಅಲ್ಲಿ ಮನೆ ನಡೆಸೋ ಅಣ್ಣ ವಿಜರ್ಡ್ಸ್‌ನದೇ ಮ್ಯಾಜಿಕ್ ಕಾರ್ಡ್ ಆಟ, 2022ರಲ್ಲಿ ವರಮಾನ ನೂರು ಕೋಟಿ ಡಾಲರ್ ದಾಟಿದ್ದು ಅದು. ನಮ್ಮ ಆಟ ಹೆಸರಿಗೆ ದೊಡ್ಡದು, ದುಡಿಮೆಯಲ್ಲಿ ತಮ್ಮ. ಅದೇ ವರ್ಷ ಒಬ್ಬ ಹೂಡಿಕೆದಾರರು ವಿಜರ್ಡ್ಸನ್ನು ಬೇರೆ ಕಂಪನಿ ಮಾಡಿ ಅಂತ ಒತ್ತಡ ಹಾಕಿದ್ದರು. ಷೇರುದಾರರು ಒಪ್ಪಲಿಲ್ಲ. 2024ರ ಶುರುವಿನಲ್ಲಿ ನಮ್ಮ ಆಟ ಚೀನಾದ ಟೆನ್ಸೆಂಟ್‌ಗೆ ಮಾರಾಟವಂತೆ ಅಂತ ಸುದ್ದಿ ಎದ್ದಾಗ ಹ್ಯಾಸ್‌ಬ್ರೊ ಅಲ್ಲಗಳೆಯಿತು.

ಮಾರಾಟದ ಸುದ್ದಿಗಿಂತ ನನಗೆ ತಲೆಬಿಸಿಯಾಗಿದ್ದು 2023ರ ಜನವರಿ. ಬೇರೆಯವರು ಈ ನಿಯಮ ಬಳಸಿ ತಮ್ಮ ಪುಸ್ತಕ ಮಾಡಿ ಮಾರೋಕೆ 2000ದಿಂದ ಇದ್ದ ಮುಕ್ತ ಪರವಾನಗಿಯನ್ನೇ ಬಿಗಿ ಮಾಡೋ ಕರಡು ಸೋರಿಕೆಯಾಯಿತು. ದೊಡ್ಡ ಮಾರಾಟಗಾರರಿಂದ ರಾಯಧನ ಕೇಳೋ ಮಾತೂ ಅದರಲ್ಲಿತ್ತು. ಆಟಗಾರರು ಸಾಲುಸಾಲಾಗಿ ಕಂಪನಿಯ ಡಿ ಆ್ಯಂಡ್ ಡಿ ಬಿಯಾಂಡ್ ಆ್ಯಪ್‌ನ ಚಂದಾ ರದ್ದು ಮಾಡಿದ ಮೇಲೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳ 5.1 ದಾಖಲೆಯನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್‌ಗೆ ಹಾಕಿತು. ಅದನ್ನು ಇನ್ನು ವಾಪಸ್ ತಗೊಳ್ಳೋ ಹಾಗಿಲ್ಲ. ಹ್ಯಾಸ್‌ಬ್ರೊ ನಾಳೆ ಯಾರಿಗೇ ಮಾರಲಿ, ಮೂಲದ ಹೆಸರು ಹಾಕಿ ನಾನು ನನ್ನ ಕೋಟೆ ಸಾಹಸವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬಹುದು. ಅಚ್ಚು ಹಾಕಿಸಿದರೆ ಕೊಳ್ಳೋರು ಯಾರು ಅನ್ನೋದು ಬೇರೆ ಮಾತು.

ಡಿ ಆ್ಯಂಡ್ ಡಿ ಬಿಯಾಂಡ್ ಆ್ಯಪ್ ಕೆಲಸಕ್ಕೆ ಬರುತ್ತೆ, ಸುಳ್ಳು ಹೇಳಲ್ಲ. ಪಾತ್ರದ ಲೆಕ್ಕ ಎಲ್ಲ ತಾನೇ ಮಾಡುತ್ತೆ, ಹೊಸ ಹುಡುಗರು ಅದಕ್ಕೇ ಅಂಟಿಕೊಳ್ಳೋದು. ಹ್ಯಾಸ್‌ಬ್ರೊ 2022ರಲ್ಲಿ ಇದನ್ನು 14.6 ಕೋಟಿ ಡಾಲರ್‌ಗೆ ಕೊಂಡಿದ್ದು ಚಂದಾ ಹಣದ ಆಸೆಗೆ ಅನ್ನೋದು ನನ್ನ ಅನುಮಾನ. 2024ರ ಆಗಸ್ಟ್‌ನಲ್ಲಿ ಹಳೇ ಪಾತ್ರಗಳ ಮಂತ್ರಗಳನ್ನೂ 2024ರ ಪರಿಷ್ಕೃತ ಪುಸ್ತಕಗಳ ಹೊಸ ನಿಯಮಕ್ಕೇ ಬದಲಾಯಿಸ್ತೀವಿ ಅಂತ ಹೇಳಿ, ಗಲಾಟೆಯಾದ ಮೇಲೆ ಬಿಟ್ಟರು. ಬಿಟ್ಟರು ಸರಿ, ಆದರೆ ಬದಲಾಯಿಸೋ ಕೀಲಿ ಅವರ ಕೈಯಲ್ಲೇ ಇದೆ. ನನ್ನ ಕಪಾಟಿನ ಪುಸ್ತಕದೊಳಗೆ ಯಾರೂ ರಾತ್ರೋರಾತ್ರಿ ಕೈ ಹಾಕಲ್ಲ.

ಪುಸ್ತಕಗಳಿಗೆ ಐದಕ್ಕೆ ನಾಲ್ಕೂವರೆ, ಆ್ಯಪ್‌ಗೆ ಎರಡೂವರೆ. ಶುರು ಮಾಡುವವರು ಮೊದಲು ಆ 5.1 ದಾಖಲೆಯನ್ನು ಉಚಿತವಾಗಿ ಇಳಿಸಿಕೊಂಡು, ಬೇಕಾದಷ್ಟು ಪುಟ ಜೆರಾಕ್ಸ್ ಮಾಡಿಸಿ, ಒಂದು ಸೆಟ್ ದಾಳ ತರಿಸಿ. ನಾಲ್ಕು ಆಟ ಆಡಿ ರುಚಿ ಹತ್ತಿದರೆ ಆಟಗಾರರ ಕೈಪಿಡಿ ಕೊಳ್ಳಿ. ದಾಳ ಎಸೆಯೋಕೆ ಸ್ಟೀಲ್ ತಟ್ಟೆ ಮಾತ್ರ ಬೇಡ, ಕೆಳಗಿನ ಮನೆಯವರು ಮೇಲೆ ಬರ್ತಾರೆ.