ವಾಟ್ಸಾಪ್‌ನಲ್ಲಿ ಒಣ ಅಣಬೆ ತರಿಸುವ ಮುಂಚೆ ಇದನ್ನು ಓದಿ

ಒಣಗಿಸಿದ ಚಿಪ್ಪು ಅಣಬೆ ಅಂತ ವಾಟ್ಸಾಪ್‌ನಲ್ಲಿ ಮಾರುತ್ತಾರಲ್ಲ, ಸುಮ್ನೆ ನಂಬಿ ದುಡ್ಡು ಕಳಿಸಬೇಡಿ. ದಯವಿಟ್ಟು.

"ಹಸಿ ಅಣಬೆಯಲ್ಲಿ ಬರೀ ನೀರು ಮೇಡಂ. ಒಣಗಿದ್ದರಲ್ಲಿ ಹತ್ತು ಪಟ್ಟು ಪ್ರೋಟೀನ್, ವಿಟಮಿನ್ ಡಿ ಬೇರೆ ತುಂಬಿರುತ್ತೆ" ಅಂತ ಮಾರುವವರು ಅಂದರು. ನಮ್ಮತ್ತೆ ಮೊಟ್ಟೆ ಕೂಡ ತಿನ್ನಲ್ಲ, ಅವರಿಗೆ ಒಳ್ಳೆಯದಾಗಲಿ ಅಂತ 100 ಗ್ರಾಂಗೆ 450 ರೂಪಾಯಿ ಕೊಟ್ಟೆ.

ಪೊಟ್ಟಣ ಒಡೆದರೆ ಮುಗ್ಗಲು ವಾಸನೆ. ಸರಿಯಾಗಿ ಒಣಗಿದ ಅಣಬೆ ಹಪ್ಪಳದ ಹಾಗೆ ಪಟ್ ಅಂತ ಮುರಿಯಬೇಕು. ಇದು ಬಗ್ಗಿತು, ಮುರಿಯಲೇ ಇಲ್ಲ. ತೊಟ್ಟಿನ ಹತ್ತಿರ ಬೂದು ಬಣ್ಣದ ಬೂಷ್ಟು. ಪ್ಯಾಕ್ ಮಾಡಿದ ತಾರೀಕಿಲ್ಲ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರೂ ಇಲ್ಲ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎಷ್ಟು ನಾಚಿಕೆಯಾಯ್ತು ಅಂದರೆ ಹೇಳೋಕಾಗಲ್ಲ.

ಫೋಟೋ ಕಳಿಸಿದೆ. "ಒಣಗಿದ್ದು ಕೆಡೋದೇ ಇಲ್ಲ ಮೇಡಂ, ಒಂದು ಬಿಸಿಲು ಕಾಯಿಸಿ" ಅಂತ ಉತ್ತರ. ಬೂಷ್ಟು ಬಂದಿದ್ದನ್ನು ಕಾಯಿಸಿ ತಿನ್ನಬೇಕಂತೆ! ಬೂಷ್ಟಿನ ಕೆಲವು ವಿಷ ಕುದಿಸಿದರೂ ಹೋಗಲ್ಲ.

ನೀವು ಬಿಸಿಲಲ್ಲಿ ಒಣಗಿಸಿದ್ದಾ ಅಂತ ಕೇಳಿದೆ. "ಇಲ್ಲ ಮೇಡಂ, ಡ್ರೈಯರ್. ಧೂಳು ಬೀಳಲ್ಲ." ಆಗಲೇ ನನಗೆ ಮೈ ಉರಿದುಹೋಯ್ತು. ಅಣಬೆಯಲ್ಲಿ ವಿಟಮಿನ್ ಡಿ ಜಾಸ್ತಿಯಾಗುವುದು ಬಿಸಿಲಿನ ಯುವಿ ಕಿರಣ ಬಿದ್ದರೆ. ಡ್ರೈಯರ್‌ನ ಬಿಸಿಗಾಳಿಗೆ ಎಲ್ಲಿಂದ ಬರುತ್ತೆ?

ಆ ಹತ್ತು ಪಟ್ಟು ಕೂಡ ಅಷ್ಟೇ. ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. 1 ಕೆಜಿ ಒಣಗಿಸಿದರೆ ಉಳಿಯುವುದು 100 ಗ್ರಾಂ ಆಸುಪಾಸು. ನೀರು ಹೋಗಿದೆ, ಪ್ರೋಟೀನ್ ಹೊಸದಾಗಿ ಬಂದಿಲ್ಲ. ಪಲ್ಯಕ್ಕೆ 100 ಗ್ರಾಂ ಹಸಿಯದು ಹಾಕಿ, ಇಲ್ಲಾ 10 ಗ್ರಾಂ ಒಣಗಿದ್ದು ನೆನೆಸಿ ಹಾಕಿ, ಸಿಗುವುದು ಹೆಚ್ಚುಕಡಿಮೆ 3 ಗ್ರಾಂ ಪ್ರೋಟೀನ್. ಇದನ್ನು ಬರೆದು ಕಳಿಸಿದರೆ, "ನೀವು ಜಾಸ್ತಿ ಓದಿದೀರಾ ಮೇಡಂ" ಅಂದು ಬ್ಲಾಕ್ ಮಾಡಿದರು. ದುಡ್ಡು ವಾಪಸ್ ಬಂದಿಲ್ಲ.

ಒಣ ಅಣಬೆಯೇ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತೆ. ಹಸಿಯದು ಫ್ರಿಜ್‌ನಲ್ಲೂ ಕೆಲವೇ ದಿನ, ಲೋಳೆಯಾದರೆ ಎಸೆಯಿರಿ. ಆದರೆ ತಾರೀಕಿಲ್ಲದ ಪೊಟ್ಟಣ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಕಾಡಿನ ಅಣಬೆ ಒಣಗಿಸಿದ್ದು ಅಂತ ಗುರುತಿಲ್ಲದವರು ಕೊಟ್ಟರೆ ಮುಟ್ಟಲೂಬೇಡಿ. ಚೂರಾಗಿ ಒಣಗಿದ ಮೇಲೆ ಯಾವ ಅಣಬೆ ಅಂತ ಗೊತ್ತೇ ಆಗಲ್ಲ, ಜೀವ ತೆಗೆಯುವ ಎಷ್ಟೋ ಅಣಬೆಗಳ ವಿಷ ಒಣಗಿಸಿದರೂ ಬೇಯಿಸಿದರೂ ಹಾಗೇ ಇರುತ್ತೆ.